ಯಾವ ಗೆಬ್‌ಹಾರ್ಡ್?

ಅಕ್ಕ ಊರ್ಸುಲಾ,

ಅಮ್ಮನ ಊರು ಗುರುತೇ ಸಿಗದಷ್ಟು ಬದಲಾಗಿದೆ. ನಮ್ಮ ಸೋದರಮಾವನ ಹೆಸರಿಟ್ಟ ಗೆಬ್‌ಹಾರ್ಡ್ ಬೀದಿ ಮಾತ್ರ ಇದ್ದಲ್ಲೇ ಇದೆ. ಆದರೆ ಅದರ ಫಲಕದ ಕೆಳಗೆ ಈಗ ಇನ್ನೊಂದು ಚಿಕ್ಕ ಫಲಕ ಜಡಿದಿದ್ದಾರೆ: "ಗೆಬ್‌ಹಾರ್ಡ್, ಬಿಷಪ್ ಮತ್ತು ಸಂತ." ಓದಿ ಮೈ ಉರಿದುಹೋಯಿತು. ನೇರವಾಗಿ ಪುರಸಭೆಗೆ ನಡೆದೆ.

ಅಲ್ಲಿನ ಗುಮಾಸ್ತನಿಗೆ ನಗು. "ನೋಡಿ ಮೇಡಂ, ಹೆಸರುವಾಸಿ ಗೆಬ್‌ಹಾರ್ಡ್‌ಗಳು ಎಷ್ಟೊಂದು ಜನ! ಬಿಷಪ್ಪು, ಸೇನಾಪತಿ, ಚಿತ್ರಕಾರ. ಯಾರೂ ಜಗಳಕ್ಕೆ ಬರ್ದೇ ಇರ್ಲಿ ಅಂತ ಸಂತನ್ನ ಹಾಕಿದ್ವಿ. ನಿಮ್ಮ ಮಾವ ಯಾವ ಪುಸ್ತಕದಲ್ಲಿದ್ದಾರೆ?"

"ಪುಸ್ತಕದಲ್ಲಿಲ್ಲ ಕಣಪ್ಪ, ನಿಮ್ಮ ಚರ್ಚಿನ ಮುಂದಿನ ಲಿಂಡನ್ ಮರದಲ್ಲಿದ್ರು. ನೇತಾಡ್ತಾ."

ಅವನ ನಗು ನಿಂತಿತು. ಯುದ್ಧದ ಕೊನೆಯ ವಾರ ಮಾವ ಚರ್ಚಿನ ಗೋಪುರಕ್ಕೆ ಶರಣಾಗತಿಯ ಬಿಳಿ ಬಟ್ಟೆ ಕಟ್ಟಿದ್ದು, ಅಮೆರಿಕನ್ನರ ಫಿರಂಗಿಗಳು ಸುಮ್ಮನಾಗಿದ್ದು, ಅದೇ ಸಂಜೆ ನಮ್ಮ ಜರ್ಮನ್ ಸೈನಿಕರೇ ಅವರನ್ನು ಗಲ್ಲಿಗೇರಿಸಿದ್ದು ಆ ಗುಮಾಸ್ತನಿಗೆ ಗೊತ್ತೇ ಇರಲಿಲ್ಲ. ಬೀದಿಗೆ ಹೆಸರಿಟ್ಟಾಗ ಯಾವ ಗೆಬ್‌ಹಾರ್ಡ್ ಎಂದು ಕೇಳುವವರೇ ಊರಲ್ಲಿರಲಿಲ್ಲ. ಅದಕ್ಕೇ ಮನೆತನದ ಹೆಸರು ಬರೆಸಲಿಲ್ಲ.

ಗುರುವಾರ ಪುರಸಭೆಯ ಸಭೆಯಲ್ಲಿ ಜನ ಪ್ರಶ್ನೆ ಕೇಳಬಹುದು. ನಾನು ಇಲ್ಲೇ ಉಳಿಯುತ್ತೇನೆ. ಮಂಡಿ ನೋವು ಕಡಿಮೆ, ಚಿಂತೆ ಬೇಡ. ಅಮ್ಮನ ಪೆಟ್ಟಿಗೆಯಲ್ಲಿರುವ, ಗೋಪುರದಿಂದ ಇಳಿಸಿ ತಂದ ಆ ಬಿಳಿ ಹಾಸಿಗೆ ಹೊದಿಕೆಯನ್ನು ಇಂದೇ ಅಂಚೆಗೆ ಹಾಕು. ಒಗೆಯಬೇಡ, ಹರಿದ ಅಂಚು ಹೊಲಿಯಬೇಡ. ಸಭೆಯ ಮೇಜಿನ ಮೇಲೆ ಅದನ್ನು ಹಾಸಿ, ಅಮ್ಮ ಮದುವೆಗೆಂದು ಮೂಲೆಯಲ್ಲಿ ಕಸೂತಿ ಹಾಕಿದ ತವರುಮನೆಯ ಹೆಸರಿನ ಅಕ್ಷರಗಳನ್ನು ತೋರಿಸಿ, ಇದು ಯಾವ ಬಿಷಪ್ಪನ ಮನೆಯದು ಎಂದು ಕೇಳುತ್ತೇನೆ.

ನಿನ್ನ ಗಿಜೆಲಾ