ಅಕ್ಕನ ನೀರಿನ ಬಾಟಲಿ

ಮನೆಯಿಂದ, ಹಿಂದಿನ ಕೋಣೆ
ಭಾನುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅಕ್ಕಾ,

ಗಂಟಲು ಹೇಗಿದೆ? ನುಂಗುವಾಗ ಇನ್ನೂ ಚುಚ್ಚುತ್ತದೆಯೇ? ಡಾಕ್ಟರು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ಇದ್ದೀಯ ತಾನೆ? ಚಿಕ್ಕಮ್ಮನ ಮನೆಯಲ್ಲಿ ಅದೇನು ಕಷ್ಟವಲ್ಲ, ಅಲ್ಲಿ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಾಳೆ. ಫೋನು ಮಾಡದೆ ಕಾಗದ ಬರೆಯುತ್ತಿದ್ದೇನೆ ಅಂತ ಆಶ್ಚರ್ಯಪಡಬೇಡ. ನಾನು ಇಲ್ಲಿಂದ ಒಂದೇ ಸಮನೆ ಕೂಗುವುದು, ನೀನು ಅಲ್ಲಿ ಲೋಟದ ಮೇಲೆ ಚಮಚದಿಂದ ಒಂದು ಸಲ ಬಡಿದರೆ ಹೂಂ, ಎರಡು ಸಲ ಬಡಿದರೆ ಉಹೂಂ. ಹೋದ ವಾರ ನೀನು ಬಡಿದದ್ದೋ, ಚಿಕ್ಕಮ್ಮ ಪಾತ್ರೆ ತೊಳೆದದ್ದೋ ತಿಳಿಯದೆ ಹತ್ತು ನಿಮಿಷ ಒದ್ದಾಡಿದೆ. ಸಾಕಪ್ಪ ಸಾಕು.

ನಿನ್ನ ಚೀಟಿ ಬಂತು. ಒಂದೇ ಸಾಲು. “ಕವರ್ ಕೊಟ್ಟೆಯಾ?” ಹೊರಡುವ ದಿನ ನಿನ್ನ ರಾಜೀನಾಮೆಯನ್ನು ಅಂಟಿಸಿ ನನ್ನ ಕೈಗಿಟ್ಟು, ಈ ತಿಂಗಳ ಒಂದನೆಯ ತಾರೀಖಿಗೆ ಹೆಡ್‌ಮಾಸ್ಟರ ಮೇಜಿನ ಮೇಲೆ ಇರಬೇಕು ಅಂತ ಬರೆದು ತೋರಿಸಿದ್ದೆ. ಇವತ್ತು ಹದಿನಾಲ್ಕು. ತಿಂಗಳ ಕೊನೆಗೆ ನಿನ್ನ ರಜೆಯೂ ಮುಗಿಯುತ್ತದೆ. ಒಣಗಂಟಲಲ್ಲಿ ಕೂಗುವ ಅಭ್ಯಾಸ ಬದಲಾದರೆ ಪಾಠ ಮಾಡಬಹುದು, ಹಳೆಯ ಹಾಗೇ ನಡೆದರೆ ದನಿ ಮತ್ತೆ ಬರುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದಾಗ ನಾನೂ ಪಕ್ಕದಲ್ಲೇ ಇದ್ದೆನಲ್ಲ. ನೀನು ಎರಡನೆಯ ಮಾತನ್ನಷ್ಟೇ ಕೇಳಿಸಿಕೊಂಡೆ. ಕವರಿನ ವಿಷಯ ಆಮೇಲೆ ಹೇಳುತ್ತೇನೆ, ಮೊದಲು ಇದನ್ನು ಪೂರ್ತಿ ಓದು. ಕೊನೆಯ ಪುಟ ತಿರುಗಿಸಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ನೀನು ಹೋದ ಮೂರನೆಯ ವಾರ ಹಿತ್ತಲ ಬಾಗಿಲ ಪಕ್ಕದ ಕುಂಡದ ಗುಲಾಬಿ ಒಣಗಿ ಕಡ್ಡಿಯಾಯಿತು. ನೋಡುತ್ತಾ ನಿಂತವನಿಗೆ, ಈ ಗಿಡಕ್ಕೆ ಯಾವತ್ತೂ ನೀರು ಅಂತ ಬೇರೆಯಾಗಿ ಹಾಕಿದ್ದೇ ಇಲ್ಲವಲ್ಲ ಅನ್ನಿಸಿತು. ಸಂಜೆ ನೀನು ಶಾಲೆಯಿಂದ ಬಂದು ಚೀಲ ಇಳಿಸುವುದು, ನಾನು ಅದರೊಳಗಿನ ಬಾಟಲಿ ತೆಗೆದು ಇದ್ದ ನೀರನ್ನು ಕುಂಡಕ್ಕೆ ಸುರಿಯುವುದು. ಹನ್ನೆರಡು ವರ್ಷದಿಂದ ಇದೇ. ಬೆಳಿಗ್ಗೆ ತುಂಬಿ ಹೋದ ಬಾಟಲಿ ಸಂಜೆ ತುಂಬಿಯೇ ಬರುತ್ತಿತ್ತು ಅಕ್ಕಾ. ದಿನಕ್ಕೆ ಆರು ಪೀರಿಯಡ್ಡು, ಅರವತ್ತು ಮಕ್ಕಳ ತರಗತಿ, ಒಂದು ಗುಟುಕು ನೀರಿಲ್ಲ. ಲೆಕ್ಕದ ಮೇಷ್ಟ್ರು ಅಂತ ಎದೆ ಉಬ್ಬಿಸಿಕೊಂಡು ತಿರುಗುವವನಿಗೆ ಇಷ್ಟು ಲೆಕ್ಕ ಹೊಳೆಯಲಿಲ್ಲ. ಹೇಳಲು ನಾಚಿಕೆಯಾಗುತ್ತದೆ.

ಮಾರನೆಯ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಟೀಚರನ್ನು ಕೇಳಿದೆ, ನಮ್ಮಕ್ಕ ಶಾಲೆಯಲ್ಲಿ ನೀರು ಯಾಕೆ ಕುಡಿಯುತ್ತಿರಲಿಲ್ಲ ಅಂತ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರು ಕುಡೀತಾರೆ ಸಾರ್? ಕುಡಿದ್ರೆ ಹೋಗ್ಬೇಕಲ್ಲ” ಅಂದರು. ಹೆಂಗಸರ ಟಾಯ್ಲೆಟ್ಟಿಗೆ ಬೀಗ. ಬೀಗದ ಕೈ ಆಫೀಸಿನಲ್ಲಿ, ಗುಮಾಸ್ತರ ಹಿಂದಿನ ಮೊಳೆಯಲ್ಲಿ. ಅಲ್ಲಿ ಸದಾ ಯಾರಾದರೂ ಮಕ್ಕಳ ಅಪ್ಪಂದಿರು ಕೂತಿರುತ್ತಾರೆ. ಅವರೆಲ್ಲರ ಮುಂದೆ ನಿಂತು ಕೈ ಚಾಚಿ ಕೇಳಬೇಕು, ಅಷ್ಟರಲ್ಲಿ ಮುಂದಿನ ಗಂಟೆ. ಅದಕ್ಕೆ ನೀವೆಲ್ಲ ಸೇರಿ ಕಂಡುಕೊಂಡ ಉಪಾಯ ಬಾಯಾರಿಕೆಯನ್ನೇ ಬಿಟ್ಟುಬಿಡುವುದು. ಅದೇ ಗೋಡೆಯ ಈಚೆ ಕೂತು ಮೂರು ಸಲ ಟೀ ಕುಡಿಯುತ್ತಿದ್ದ ನನಗೆ ಒಂದು ಮಾತು ಹೇಳಿದ್ದರೆ ನಿನ್ನ ಗಂಟು ಹೋಗುತ್ತಿತ್ತಾ? ಹೇಳುವಂತೆ ನಾನು ಯಾವತ್ತು ಕೇಳಿದ್ದೆ, ಅದೂ ನಿಜ.

ನನ್ನ ಕೋಪ ನಿನಗೆ ಗೊತ್ತಲ್ಲ, ನೇರ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದೆ. ಬೀಗದ ಕೈ ಸ್ಟಾಫ್ ರೂಮಿಗೆ ಬರಬೇಕು, ದಿನಕ್ಕೆ ಎರಡು ಸಲ ಐದೈದು ನಿಮಿಷ ಬಿಡುವು ಬೇಕು ಅಂದೆ. ಅವರು ಕನ್ನಡಕ ತೆಗೆದಿಟ್ಟು, “ದಿನಕ್ಕೆ ಹತ್ತು ನಿಮಿಷ, ಇನ್ನೂರು ದಿನಕ್ಕೆ ಎರಡು ಸಾವಿರ ನಿಮಿಷ ಪಾಠ ಹೋಯ್ತು, ಯಾರು ಜವಾಬ್ದಾರಿ?” ಅಂದರು. ಲೆಕ್ಕದವನ ಹತ್ತಿರವೇ ಲೆಕ್ಕ. ಅವರ ಮುಂದಿದ್ದ ಹಾಳೆಯನ್ನೇ ಎಳೆದುಕೊಂಡು ಬರೆದೆ. ನಮ್ಮಕ್ಕನ ರಜೆ ಒಟ್ಟು ಎಂಬತ್ತು ದಿನ, ದಿನಕ್ಕೆ ಆರು ಪೀರಿಯಡ್ಡು, ನಲವತ್ತು ನಿಮಿಷದಂತೆ ಹತ್ತೊಂಬತ್ತು ಸಾವಿರದ ಇನ್ನೂರು ನಿಮಿಷ. ನಾನು ಕೇಳಿದ ಬಿಡುವು ಒಂಬತ್ತೂವರೆ ವರ್ಷಕ್ಕೆ ಆಗುವಷ್ಟು ಹೊತ್ತನ್ನು ಒಂದು ಗಂಟಲು ನುಂಗಿತಲ್ಲ, ಇದಕ್ಕೆ ಯಾರು ಜವಾಬ್ದಾರಿ ಸಾರ್ ಅಂದೆ. ಅವರು ಮುಖ ಗಂಟು ಹಾಕಿಕೊಂಡು ನೋಡೋಣ ಅಂದರು. ಆ ನೋಡೋಣ ಅನ್ನುವುದಕ್ಕೆ ಹನ್ನೊಂದು ದಿನ ಅವರ ಬಾಗಿಲು ಕಾದೆ. ಹನ್ನೆರಡನೆಯ ದಿನ ಮೂರನೆಯ ಪೀರಿಯಡ್ಡಿನ ನಂತರ ಐದು ನಿಮಿಷ ಸಿಕ್ಕಿತು. ಮಧ್ಯಾಹ್ನದ ಐದು ನಿಮಿಷ ಇನ್ನೂ ಸಿಕ್ಕಿಲ್ಲ, ಸಿಗುವವರೆಗೆ ನಾನು ಬಿಡುವವನಲ್ಲ. ಬೀಗದ ಕೈಯನ್ನು ಗುಮಾಸ್ತರೇ ತಂದುಕೊಟ್ಟರು. “ನನ್ನ ಹೆಂಡ್ತೀನೂ ಆಫೀಸಲ್ಲಿ ದುಡಿಯೋಳು, ನನಗೆ ಯಾಕೆ ಹೊಳೀಲಿಲ್ವೋ” ಅಂತ ತಲೆ ಕೆರೆದುಕೊಂಡು ಹೋದರು ಪಾಪ.

ಈಗ ನಮ್ಮ ಸ್ಟಾಫ್ ರೂಮು ನೋಡಬೇಕು ನೀನು. ಊಟದ ಹೊತ್ತಿಗೆ ನೋಟ್‌ಬುಕ್ಕುಗಳೆಲ್ಲ ಕಪಾಟಿನೊಳಗೆ. ಅದಕ್ಕೆ ಕಾರಣವೂ ನಾನೇ. ತಿದ್ದುತ್ತಾ ಟೀ ಕುಡಿಯುವಾಗ ಚಮಚ ಅಂದುಕೊಂಡು ಕೆಂಪು ಪೆನ್ನಿನಿಂದ ಟೀ ಕಲಕಿ, ಅರ್ಧ ಕುಡಿದ ಮೇಲೆ ಗೊತ್ತಾಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಕೂತು ಉಣ್ಣುವುದು, ತಟ್ಟೆಯ ಮುಂದೆ ಶಾಲೆಯ ಮಾತೆತ್ತಿದವರು ಎಲ್ಲರ ಲೋಟ ತೊಳೆಯುವುದು. ವಾರದಲ್ಲಿ ನಾಲ್ಕು ದಿನ ನಾನೇ ತೊಳೆಯುತ್ತೇನೆ.

ತರಗತಿಯಲ್ಲಿ ಕೂಗುವುದನ್ನೂ ಬಿಟ್ಟೆ. ಮೊದಲ ದಿನ ಸುಮ್ಮನೆ ಕೈ ಎತ್ತಿ ನಿಂತರೆ ಮಕ್ಕಳು ನನಗೂ ಗಂಟಲು ಹೋಯಿತು ಅಂತ ಹೆದರಿ, ಹಿಂದಿನ ಬೆಂಚಿನವಳೊಬ್ಬಳು ಓಡಿಹೋಗಿ ಹೆಡ್‌ಮಾಸ್ಟರನ್ನೇ ಕರೆತಂದಳು. ಈಗ ಅಭ್ಯಾಸವಾಗಿದೆ. ಎರಡು ಚಪ್ಪಾಳೆ ತಟ್ಟಿದರೆ ಅವರೂ ಎರಡು ತಟ್ಟಿ ಸುಮ್ಮನಾಗುತ್ತಾರೆ. ಗಂಟೆ ಹೊಡೆದಾಗ ಎಲ್ಲರೂ ಒಂದೊಂದು ಗುಟುಕು ನೀರು, ನಾನೂ ಕುಡಿಯಬೇಕು, ಮರೆತರೆ ಅವರು ಬಿಡುವುದಿಲ್ಲ. ನಿನ್ನ ತರಗತಿಗೂ ಇದನ್ನು ಕಲಿಸಿಟ್ಟಿದ್ದೇನೆ. ಗಂಟೆ ಟೀಚರ್ ಯಾವಾಗ ಬರ್ತಾರೆ ಅಂತ ದಿನಾ ಕೇಳುತ್ತಾರೆ. ಬಂದರೆ ಮೊದಲಿನಂತೆ ಗಂಟೆಯ ಹಾಗೆ ಕೂಗುವುದಿಲ್ಲ, ಮೆಲ್ಲಗೆ ಮಾತಾಡುತ್ತಾರೆ, ನೀವೇ ಕಿವಿಗೊಟ್ಟು ಕೇಳಬೇಕು ಅಂದಿದ್ದೇನೆ. ಆಗಲಿ ಸಾರ್ ಅಂದರು, ಅರವತ್ತೂ ಜನ.

ಅಪ್ಪ ಹೋದ ಮೇಲೆ ನನ್ನ ಕೈ ಹಿಡಿದು ಈ ಕೆಲಸಕ್ಕೆ ತಂದವಳು ನೀನು. ನೀನಿಲ್ಲದ ಸ್ಟಾಫ್ ರೂಮು ನನಗೆ ಹಿಡಿಸುತ್ತಿಲ್ಲ, ಬೇಜಾರಾಗುತ್ತದೆ. ಇಷ್ಟೇ ಹೇಳಬೇಕಾಗಿದ್ದದ್ದು, ಮೂರು ಪುಟ ಸುತ್ತಾಡಿದೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಹೇಳಲು ಆಗದಿದ್ದರೆ ಲೋಟ ಬಡಿ.

ನಿನ್ನ ಪ್ರೀತಿಯ,
ತಮ್ಮ

ಮರೆತೆ ಅಂದುಕೊಳ್ಳಬೇಡ: ಕವರ್ ಕೊಟ್ಟಿಲ್ಲ, ಒಡೆದೂ ಇಲ್ಲ. ಇದರ ಜೊತೆಗೇ ಹಿಂದಕ್ಕೆ ಕಳಿಸಿದ್ದೇನೆ. ಕೊಡಲೇಬೇಕು ಅನ್ನಿಸಿದರೆ ನೀನೇ ಬಂದು ಕೊಡು, ನಾನು ಅಡ್ಡ ಬರುವುದಿಲ್ಲ. ಅದರ ಕೆಳಗೆ ಕಾಗದದಲ್ಲಿ ಸುತ್ತಿರುವುದು ಬೀಗದ ಕೈ. ಟೀಚರುಗಳಿಗೆಲ್ಲ ಒಂದೊಂದು ಮಾಡಿಸಿದೆವು, ಅದು ನಿನ್ನದು, ಕಳೆಯಬೇಡ. ಬರುವ ಒಂದನೆಯ ತಾರೀಖಿನ ಬೆಳಿಗ್ಗೆ ಬಾಟಲಿ ತುಂಬಿಸಿ ನಿನ್ನ ಚೀಲದಲ್ಲಿ ಇಟ್ಟಿರುತ್ತೇನೆ, ಸಂಜೆ ಅದು ಖಾಲಿಯಾಗಿ ಬರಬೇಕು. ಗುಲಾಬಿ ಮತ್ತೆ ಚಿಗುರಿದೆ, ಅದಕ್ಕೆ ಈಗ ನಲ್ಲಿ ನೀರು ಹಾಕುತ್ತಿದ್ದೇನೆ.