ಎರಡು ಬೆರಳಿನ ಬಣ್ಣ

ನವೆಂಬರ್ 12, 1964. ಗುರುವಾರ

ರೊಟ್ಟಿ ಬಡಿದು ಹೆಂಚು ಇಳಿಸುವುದಕ್ಕೂ ಜಟಕಾ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಇವರು ಚೌಕಿಪೇಟೆಯ ಬಟ್ಟೆ ಅಂಗಡಿಯ ಬಾಗಿಲು ತೆಗೆಯದೆ ಬೆಳಿಗ್ಗೆಯೇ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಬಂದವರೇ ನೀರು ಕೇಳಿದರು. ಮುಖ ನೋಡಿದರೇ ಗೊತ್ತಾಯಿತು.

ಹೊಟ್ಟೆಯಲ್ಲಿ ಗಡ್ಡೆ. ಬರುವ ಬುಧವಾರ ಆಪರೇಷನ್.

ಅತ್ತೆ ಮಾತ್ರ ಸೀರೆ ಬದಲಿಸಿ, ಮೊರ ಎಳೆದುಕೊಂಡು ಅವರೆಕಾಳು ಆರಿಸಲು ಕೂತರು. “ಕೊಯ್ದು ತೆಗೀಲಿ ಬಿಡು. ಕುಂಬಳಕಾಯಿ ಹೊತ್ಕೆಂಡು ತಿರುಗಿದಂಗಾಗೈತೆ” ಅಂದರು. ಹೆದರಿದ್ದು ನಾನು, ಅವರಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ನಮ್ಮ ಅತ್ತೆ ಮರುಳಸಿದ್ದಮ್ಮನವರು ಹೆದರುವುದನ್ನು ಈ ಮನೆಗೆ ಬಂದ ಮೇಲೆ ಒಮ್ಮೆಯಾದರೂ ನೋಡಬೇಕು ಅಂತ ನನಗೆ ಆಸೆ. ಕೆಟ್ಟ ಆಸೆ. ಇರಲಿ, ಇದನ್ನು ಓದುವವರು ಯಾರು...

ಹರಿಹರದಿಂದ ಅತ್ತೆಯ ಅಕ್ಕ ದ್ರಾಕ್ಷಾಯಣಮ್ಮ ಸೋಮವಾರ ಬರುತ್ತಾರೆ. ಆಸ್ಪತ್ರೆಯಲ್ಲಿ ಜೊತೆಗೆ ಇರಲು. ನಾವೆಲ್ಲ ದೊಡ್ಡವ್ವ ಅನ್ನುತ್ತೇವೆ. ಆಕೆ ಬಂದರೆ ಅಡುಗೆಮನೆಯ ಹಲ್ಲಿಯೂ ತಲೆ ಮೇಲೆ ಸೆರಗು ಹೊದ್ದುಕೊಳ್ಳುತ್ತದೆ.

ನವೆಂಬರ್ 13. ಶುಕ್ರವಾರ

ರಕ್ತ ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಸಿಸ್ಟರ್ ಮಂಗಳೂರಿನ ಕಡೆಯವರು. ಪಾಠ ಓದಿದ ಹಾಗೆ ಕನ್ನಡ. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು. ತಲೆಯಲ್ಲಿ ಪಿನ್ನು ಇರಬಾರದು. ಮೈ ಮೇಲೆ ಹೊಸ ಗಾಯ ಇರಬಾರದು. “ಉಗುರಿಗೆ ಬಣ್ಣ ಹಚ್ಚಿದ್ದರೆ ತೆಗೆದು ಬನ್ನಿ. ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟಾಗ ಉಗುರು ನೋಡುತ್ತಾರೆ. ನೀಲಿಯಾದರೆ ಉಸಿರು ಸಾಲುತ್ತಿಲ್ಲ ಅಂತ ಅರ್ಥ.”

ನಾನು ಜೋರಾಗಿ ನಕ್ಕೇಬಿಟ್ಟೆ. ಗಂಡ ಹೋಗಿ ಹದಿನೆಂಟು ವರ್ಷವಾದ, ಹಣೆಯಲ್ಲಿ ವಿಭೂತಿ ಬಿಟ್ಟು ಬೇರೆ ಗೊತ್ತಿಲ್ಲದ ನಮ್ಮ ಅತ್ತೆಗೆ ಉಗುರುಬಣ್ಣ!

ಅತ್ತೆ ನಗಲಿಲ್ಲ. “ಕೈದು ಅಷ್ಟೇ ನೋಡ್ತಾರೇನವ್ವ, ಕಾಲಿಂದೂ ನೋಡ್ತಾರಾ?” ಅಂದರು.

“ಎರಡೂ ಅಮ್ಮ.”

ದಾರಿಯುದ್ದಕ್ಕೂ ಸೀರೆಯ ಅಂಚನ್ನು ಕಾಲ ಮೇಲೆ ಎಳೆದುಕೊಳ್ಳುತ್ತಲೇ ಬಂದರು. ಆಪರೇಷನ್ ಭಯ ಈಗ ಹಿಡಿಯಿತು ಅಂದುಕೊಂಡೆ.

ಉಗುರುಬಣ್ಣ ಅಂದ ಮೇಲೆ ಹಳೇ ಹೊಟ್ಟೆಯುರಿ ನೆನಪಾಯಿತು. ಹೋದ ವರ್ಷ ಇವರು ಬೊಂಬಾಯಿಗೆ ಮಾಲು ತರಲು ಹೋದವರು ನನಗೆ ಅಂತ ಹೆಬ್ಬೆರಳಷ್ಟು ಗಾತ್ರದ ಬಾಟ್ಲಿ ತಂದಿದ್ದರು. ಕೆಂಪು. ಎಡಗೈಗೆ ಹಚ್ಚಿಕೊಂಡು ಊಟಕ್ಕೆ ಬಡಿಸಲು ಬಂದೆ. ಅತ್ತೆ ನೋಡಿದರು. “ಕೋಳಿ ಕೊಯ್ದ ಕೈ ಕಂಡಂಗೆ ಕಾಣ್ತೈತೆ. ಆ ಅಂಗೈ ಮ್ಯಾಲೆ ಲಿಂಗ ಇಟ್ಕೆಂಡು ಪೂಜೆ ಮಾಡ್ತೀಯೇನು?” ಅಂದರು. ತವರೂರು ನಂದಿಗುಡಿಯ ಮಠದ ನೆರಳಲ್ಲಿ ಬೆಳೆದ ನನಗೇ! ಬಚ್ಚಲಿಗೆ ಹೋಗಿ ಬ್ಲೇಡಿನಿಂದ ಹೆರೆಯುತ್ತಾ ಹೆರೆಯುತ್ತಾ ಅತ್ತುಬಿಟ್ಟೆ. ವಾರದೊಳಗೆ ಕನ್ನಡಿಯ ಹಿಂದೆ ಇಟ್ಟಿದ್ದ ಬಾಟ್ಲಿಯೂ ಮಾಯ. ತಿಪ್ಪೆಗೆ ಎಸೆದಿದ್ದಾರೆ ಅಂತ ತೀರ್ಮಾನಿಸಿ ಎರಡು ದಿನ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ನವೆಂಬರ್ 14. ಶನಿವಾರ. ಮಧ್ಯಾಹ್ನ

ಮನಸ್ಸು ಇನ್ನೂ ಸ್ತಿಮಿತಕ್ಕೆ ಬಂದಿಲ್ಲ. ಬರೆದರೆ ಬರಬಹುದು.

ಬೆಳಿಗ್ಗೆ ಎಣ್ಣೆ ನೀರು. ಹೊಟ್ಟೆ ಬಾತಿರುವುದರಿಂದ ಅತ್ತೆಗೆ ಬಗ್ಗಲು ಆಗುವುದಿಲ್ಲ. ಕಾಲು ನಾನು ಉಜ್ಜುತ್ತೇನೆ ಅಂದೆ. “ಬ್ಯಾಡ, ಹೋಗು” ಅಂತ ಬಾಗಿಲು ಹಾಕಿಕೊಂಡರು. ನೀರು ಹುಯ್ದ ಸದ್ದಿಲ್ಲ. ಗರಗರ ಅಂತ ಉಜ್ಜುವ ಸದ್ದು. ಆಮೇಲೆ “ಯವ್ವಾ” ಅಂದರು. ಬಾಗಿಲು ದೂಡಿದೆ.

ಒಲೆಬೂದಿ, ಹುಣಸೆಹಣ್ಣು, ಇಟ್ಟಿಗೆ ಚೂರು. ಕಲ್ಲಿಗೆ ಒರಗಿ ಕೂತು ಒಂದು ಕಾಲನ್ನು ಹೇಗೋ ಮೇಲೆಳೆದುಕೊಂಡಿದ್ದಾರೆ. ಹೆಬ್ಬೆರಳಿನ ಪಕ್ಕದ ಬೆರಳು. ಉಗುರು ಕೆಂಪು. ರಕ್ತ ಅಂದುಕೊಂಡು ಓಡಿದೆ. ಸ್ವಲ್ಪ ರಕ್ತವೂ ಹೌದು, ಅಂಚಿನಲ್ಲಿ ಚರ್ಮ ತರಚಿತ್ತು. ಉಳಿದದ್ದು ನನ್ನ ಬೊಂಬಾಯಿ ಬಣ್ಣ.

ಇನ್ನೊಂದು ಕಾಲಿನಲ್ಲೂ ಅದೇ ಬೆರಳು. ಉಳಿದ ಬೆರಳುಗಳೆಲ್ಲ ಖಾಲಿ. ನೆಲ ಮುಟ್ಟುವ ಸೀರೆಯ ಅಂಚಿನಡಿ ಇದುವರೆಗೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

“ಉಳಿದಿದ್ದಕ್ಕೆ ಯಾಕೆ ಹಚ್ಚಿಲ್ಲ?” ನನ್ನ ಬಾಯಿ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವು ಕಾಲುಂಗುರದ ಬೆರಳು. ಹದಿನೆಂಟು ವರ್ಷವಾದರೂ ಬುಡದಲ್ಲಿ ಉಂಗುರದ ತಗ್ಗು ಹಾಗೇ ಇದೆ.

ಅತ್ತೆ ಸೀರೆ ಎಳೆದು ಕಾಲು ಮುಚ್ಚಿಕೊಂಡರು. ಈ ಮನೆಗೆ ಬಂದ ನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮುಖ ನೋಡಲಿಲ್ಲ. “ನಮ್ಮಕ್ಕ ನೋಡಿದ್ರೆ ನಾನು ಉಳಿಯಲ್ಲ ಉಮಾ. ಆಪರೇಷನ್ ಆದ್ರೂ ಉಳಿಯಲ್ಲ” ಅಂದರು.

ಹೆದರಿದ್ದರು. ನನ್ನ ಕೆಟ್ಟ ಆಸೆ ಈಡೇರಿತು. ಒಂದಿಷ್ಟೂ ಖುಷಿಯಾಗಲಿಲ್ಲ.

ಇಟ್ಟಿಗೆ ಚೂರು ಕಿತ್ತುಕೊಂಡೆ. “ಗಾಯ ಇರಬಾರ್ದು ಅಂತ ಸಿಸ್ಟರ್ ಹೇಳ್ಯಾರೆ. ಇನ್ನ ಮ್ಯಾಲೆ ಇದು ನನ್ನ ಕೆಲಸ. ನೀವು ಸುಮ್ನೆ ಕೂಡ್ರಿ” ಅಂದೆ. ಕೂತರು! ನನ್ನ ಮಾತು ಕೇಳಿ ಕೂತರು.

ಅದೇ ದಿನ. ಸಂಜೆ

ಇವರು ಅಂಗಡಿಯಲ್ಲಿ. ಬಾಗಿಲು ಹಾಕಿ ಅಡುಗೆಮನೆಯಲ್ಲೇ ಕಾರ್ಖಾನೆ.

ನಿಂಬೆಹಣ್ಣು, ಅಡುಗೆ ಸೋಡಾ — ಬುಸಬುಸ ನೊರೆ ಬಂತು. ಬಣ್ಣ ಕದಲಲಿಲ್ಲ. ಬಿಸಿನೀರಿನಲ್ಲಿ ನೆನೆಸಿ ಸೀಗೆಪುಡಿ — ಕಾಲು ಫಳಫಳ, ಬಣ್ಣ ಇನ್ನೂ ಫಳಫಳ. ಸೀಮೆಎಣ್ಣೆ — ವಾಸನೆ ಮನೆ ತುಂಬಿತು, ಅಷ್ಟೇ. ಹಲ್ಲುಪುಡಿ ಹಾಕಿ ತಿಕ್ಕಿದೆ. ಅತ್ತೆ ಕಾಲು ಜಗ್ಗಿಕೊಂಡು, “ಬಿಡೇ, ಕಚಗುಳಿ ಆಗ್ತೈತೆ!” ಅಂದು ನಕ್ಕರು. ಹೊಟ್ಟೆ ಹಿಡಿದುಕೊಂಡು, ನೋವಾಗುತ್ತದೆ ಅಂತ ಅಂಜಿಕೊಂಡು, ಮತ್ತೂ ನಕ್ಕರು. ಅತ್ತೆಯ ನಗು ಹೀಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ ಸ್ಟೋವ್ ಹಚ್ಚುವ ಸ್ಪಿರಿಟ್. ಅರಳೆಯಲ್ಲಿ ಅದ್ದಿ ಬಹಳ ಹೊತ್ತು ಒತ್ತಿ ಹಿಡಿದೆ. ಅಂಚು ಸ್ವಲ್ಪ ಮೆತ್ತಗಾಯಿತು, ಅರಳೆ ನಸುಗೆಂಪಾಯಿತು. ತರಚಿದ ಕಡೆ ತಾಗಿ ಅತ್ತೆ ಹಲ್ಲು ಕಚ್ಚಿದರು. ಸಾಕು ಮಾಡಿದೆ.

ಇವರು ಬಂದವರೇ “ಏನಿದು, ಗ್ಯಾರೇಜಿನ ವಾಸ್ನೆ?” ಅಂದರು. “ತಿಗಣೆಗೆ” ಅಂದೆ. ಅತ್ತೆ ತಲೆಯಾಡಿಸಿದರು. ಇಬ್ಬರೂ ಸೇರಿ ಸುಳ್ಳು ಹೇಳಿದ್ದು ಇದೇ ಮೊದಲು.

ನವೆಂಬರ್ 15. ಭಾನುವಾರ

ಬೆಳಿಗ್ಗೆ ಚಹಾ ಸೋಸುವಾಗ ಹೊಳೆಯಿತು. ಹೋದ ವರ್ಷ ನಾನು ಒಂದು ಉಗುರಿಗೆ ಎರಡನೇ ಸಲ ಹಚ್ಚಲು ಹೋದಾಗ, ಕುಂಚ ಎಳೆದ ಕಡೆ ಕೆಳಗಿನ ಬಣ್ಣವೂ ಕರಗಿ ಎದ್ದು ಬಂದಿತ್ತು. ಆಗ ಕೆಟ್ಟುಹೋಯಿತಲ್ಲ ಅಂತ ಶಪಿಸಿದ್ದೆ. ಈಗ ಅದೇ ಬೇಕು. ಹಸಿ ಬಣ್ಣ ಹಚ್ಚಬೇಕು, ಒಣಗುವ ಮುಂಚೆ ಒರೆಸಬೇಕು.

ಅತ್ತೆಗೆ ಹೇಳಿದೆ. “ತೆಗೀಬೇಕಂದ್ರೆ ಇನ್ನೊಂದ್ಸಲ ಹಚ್ಬೇಕ್ರಿ ಅತ್ತೆ. ಬಾಟ್ಲಿ ಬೇಕು.”

ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಮೇಲಿನ ಹಲಗೆಯ ಸಾಸಿವೆ ಡಬ್ಬಿ ತೋರಿಸಿದರು. ಅದರ ಪಕ್ಕದ ಜೀರಿಗೆ ಡಬ್ಬಿಗೆ ದಿನಾ ಕೈ ಹಾಕುತ್ತೇನೆ ನಾನು. ಸಾಸಿವೆಯೊಳಗೆ ಬೆರಳು ಆಡಿಸಿದೆ, ಸಿಕ್ಕಿತು. ನನಗೆ ನಗಬೇಕೋ ಜಗಳ ಆಡಬೇಕೋ ಗೊತ್ತಾಗಲಿಲ್ಲ. “ಕೋಳಿ ಕೊಯ್ದ ಕೈ ಅಂದಿದ್ರಲ್ಲ” ಅಂದೆ.

“ಅಂದಿದ್ದೆ. ಚಂದ ಕಂಡಿತ್ತು, ಅದಕ್ಕೇ ಅಂದೆ.”

ಬಾಟ್ಲಿಗೆ ಅಂಟಿದ ಸಾಸಿವೆ ಒರೆಸಿ ಮುಚ್ಚಳ ತಿರುಗಿಸಿದೆ.

ಹಚ್ಚಿದೆ. ಹಸಿ ಬಣ್ಣ ಬೆಳಕಿಗೆ ಮಿಂಚಿತು. ಅತ್ತೆ “ತಡಿ” ಅಂದರು. ನೋಡಿಕೊಂಡರು. ಒಣಗಿಬಿಡುತ್ತದೆ ಅಂತ ನನಗೆ ಆತಂಕ. “ಹೂಂ, ತೆಗಿ” ಅಂದ ಮೇಲೆ ಸ್ಪಿರಿಟ್ ಅರಳೆಯಿಂದ ಒಮ್ಮೆಲೇ ಒರೆಸಿದೆ. ಹಳೆಯದು ಹೊಸದರ ಜೊತೆ ಜಾರಿ ಬಂತು. ಮತ್ತೆ ಹಚ್ಚಿದೆ, ಮತ್ತೆ ಒರೆಸಿದೆ. ಪ್ರತಿ ಸಲ ಹಚ್ಚಿದಾಗಲೂ ತಡಿ ಅಂದರು. ಮಧ್ಯಾಹ್ನದ ಹೊತ್ತಿಗೆ ಬಾಟ್ಲಿಯೂ ಮುಗಿಯಿತು, ಬಣ್ಣವೂ. ಉಗುರು ಹಳದಿಗಟ್ಟಿದ ಬರೀ ಉಗುರು. ಮೂಲೆಯಲ್ಲಿ ಒಂದು ಎಳೆ ಇತ್ತು. ತರಚಿದ ಕಡೆಯೇ ಅದು, ಕೆದಕಲು ಮನಸ್ಸಾಗಲಿಲ್ಲ. ಯಾರು ಅಷ್ಟು ಬಗ್ಗಿ ನೋಡುತ್ತಾರೆ.

ಅರಳೆಯನ್ನೆಲ್ಲ ಒಲೆಗೆ ಹಾಕಿದೆ. ಭಗ್ ಅಂತ ಉರಿಯಿತು. ಅತ್ತೆ ಒಲೆಯನ್ನೇ ನೋಡುತ್ತಾ ಕೂತಿದ್ದರು. ನನಗೆ ಅಳು ಬಂತು, ಈರುಳ್ಳಿ ಹೆಚ್ಚಲು ಕೂತೆ.

ನವೆಂಬರ್ 16. ಸೋಮವಾರ

ದೊಡ್ಡವ್ವ ಹರಿಹರದ ರೈಲಿಗೆ ಬಂದರು. ಬಂದು ಕಾಲು ತೊಳೆಯುವ ಮುಂಚೆಯೇ ಬಚ್ಚಲಲ್ಲಿ ಪಾಚಿ ಕಟ್ಟಿದೆ ಅಂದರು. ಸಂಜೆ ಆಸ್ಪತ್ರೆಗೆ ಸೇರಿಸಿದೆವು. ಮಂಗಳವಾರ ಮನೆ ಬಿಡುವುದಿಲ್ಲ ಅಂತ ಅತ್ತೆಯ ಹಟ. ಕೊರಳಿನ ಲಿಂಗ ತೆಗೆಯುವುದಿಲ್ಲ ಅಂತ ಇನ್ನೊಂದು ಹಟ. ಸಿಸ್ಟರ್ ಅದನ್ನು ರಟ್ಟೆಗೆ ಕಟ್ಟಿದರು. ಆಮೇಲೆ ಕೈ ಉಗುರು ನೋಡಿದರು, ಕಾಲು ಉಗುರು ನೋಡಿದರು. “ಒಳ್ಳೆಯದು” ಅಂದರು.

ಅತ್ತೆ ನನ್ನ ಕಡೆ ನೋಡಿದರು.

ನವೆಂಬರ್ 18. ಬುಧವಾರ

ಆಯಿತು. ಉಸಿರಾಡುತ್ತಿದ್ದಾರೆ. ಗಡ್ಡೆ ಪೂರ್ತಿ ತೆಗೆದರಂತೆ. ಇವರು ವರಾಂಡದಲ್ಲಿ ಮಗುವಿನ ಹಾಗೆ ಅತ್ತರು. ನಾನು ಬರೆಯಲಾರೆ ಇವತ್ತು.

ನವೆಂಬರ್ 21. ಶನಿವಾರ

ಅಷ್ಟು ಬಗ್ಗಿ ನೋಡುವವರು ಒಬ್ಬರಿದ್ದಾರೆ. ದೊಡ್ಡವ್ವ.

ಗಂಜಿ ತೆಗೆದುಕೊಂಡು ಹೋದೆ. ತಂಗಿಯ ಕಾಲನ್ನು ಬಿಸಿನೀರ ಬಟ್ಟೆಯಲ್ಲಿ ಒರೆಸುತ್ತಿದ್ದವರು ನನ್ನನ್ನು ರಟ್ಟೆ ಹಿಡಿದು ವರಾಂಡಕ್ಕೆ ತಂದರು. “ಉಗುರ ಸಂದ್ಯಾಗ ಕೆಂಪಗೆ ಏನೇ ಅದು? ಕುಂಕುಮ ಅಲ್ಲ, ರಕ್ತ ಅಲ್ಲ. ಉಜ್ಜಿದ್ರೆ ಹೋಗವಲ್ದು.”

ಅತ್ತೆಗೆ ಔಷಧಿಯ ಮಂಪರು. ಹೊಲಿಗೆ ಇನ್ನೂ ಹಸಿ. ನಾನು ಯೋಚನೆ ಮಾಡಲಿಲ್ಲ.

“ಉಗುರುಬಣ್ಣ. ನಾನೇ ಹಚ್ಚಿದ್ದೆ ದೊಡ್ಡವ್ವ. ಮಲಗಿದ್ದಾಗ. ತಮಾಷೆಗೆ.”

“ತಮಾಷೆಗೆ?” ಧ್ವನಿ ಏರಲಿಲ್ಲ, ಅದೇ ಭಯ. “ಗಂಡನ್ನ ಕಳ್ಕೆಂಡಾಕಿ ಕಾಲು ನಿಂಗೆ ತಮಾಷೆಗೆ ಸಿಕ್ತೇನೇ? ನಂದಿಗುಡಿಯೋರು ಮಗಳಿಗೆ ಇದನ್ನ ಕಲ್ಸಿ ಕಳ್ಸ್ಯಾರಾ? ನಿಮ್ಮಪ್ಪ ಉಜ್ಜನಪ್ಪಗೆ ಹೇಳಿ ಕಳಿಸ್ತೀನಿ. ಬಂದು ಕರ್ಕೊಂಡು ಹೋಗ್ಲಿ. ಮಗಳಿಗೆ ಬುದ್ಧಿ ಕಲ್ಸಿ ಆಮ್ಯಾಲೆ ಕಳಿಸ್ಲಿ.”

ಇವರಿಗೂ ಹೇಳಿದರು. ಮನೆಗೆ ಬಂದು ಇವರು ಕೇಳಿದ್ದು ಒಂದೇ ಮಾತು, “ಹೌದಾ?” ಹೌದು ಅಂದೆ. ಊಟ ಬಿಟ್ಟು ಎದ್ದರು.

ಹೇಳಿಬಿಡಲೇ? ಹೇಳಿದರೆ ನಾನು ಉಳಿಯುತ್ತೇನೆ. ಅತ್ತೆ, ಅವರದೇ ಮಾತಿನಲ್ಲಿ, ಉಳಿಯುವುದಿಲ್ಲ.

ಸೀರೆಗಳನ್ನು ಟ್ರಂಕಿಗೆ ಹಾಕಿದೆ. ತೆಗೆದೆ. ಮತ್ತೆ ಹಾಕಿದೆ.

ನವೆಂಬರ್ 22. ಭಾನುವಾರ. ವಾರ್ಡಿನ ಹೊರಗಿನ ಬೆಂಚಿನಲ್ಲಿ

ಇವತ್ತು ಅತ್ತೆಗೆ ಪೂರ್ತಿ ಎಚ್ಚರ. ದಿಂಬಿಗೆ ಒರಗಿಸಿ ಕೂಡಿಸಿದ್ದರು. ಇವರಿದ್ದರು, ದೊಡ್ಡವ್ವ ಇದ್ದರು. ಪಕ್ಕದ ಮಂಚದ ಆವರಗೆರೆ ಕಾಟಮ್ಮನೂ ಕಿವಿ ಬಿಟ್ಟುಕೊಂಡು ಇದ್ದಳು. ದೊಡ್ಡವ್ವ ಶುರು ಮಾಡಿದರು — ನಿನ್ನ ಸೊಸೆ ನಿನ್ನ ಮರ್ಯಾದೆ ಕಳೆದಳು, ನಾಳೆ ಅವಳ ಅಪ್ಪ ಬರುತ್ತಾನೆ, ನೀನು ಅಡ್ಡ ಬರಬೇಡ.

ನಾನು ಅತ್ತೆಗೆ ಕಣ್ಣಲ್ಲೇ ಬೇಡ ಅಂದೆ. ಬೇಡ ಅಂತ ತಲೆಯನ್ನೂ ಆಡಿಸಿದೆ.

“ಕರಿಬಸವಾ, ಇಲ್ಲಿ ಬಾ” ಅಂದರು ಅತ್ತೆ, ಮಗನಿಗೆ. “ಅಕಿ ಹಚ್ಚಿಲ್ಲ. ಅಕಿ ತೆಗ್ದಾಕಿ. ಹಚ್ಕೆಂಡಾಕಿ ನಾನು.” ಉಸಿರು ತೆಗೆದುಕೊಂಡು ಅಕ್ಕನ ಕಡೆ ತಿರುಗಿದರು. “ಬೆರಳು ಬರಿದಾಗಿದ್ದು ನೋಡಿ ನೋಡಿ ಸಾಕಾಗಿತ್ತು ಅಕ್ಕಾ. ಬೈಯಂಗಿದ್ರೆ ನಂಗೆ ಬೈ.”

ಇವರು ಅವ್ವನ ಕಾಲ ಹತ್ತಿರ ನಿಂತವರು ಹೊದಿಕೆಯನ್ನು ಸರಿಪಡಿಸಿದರು, ಸರಿಯಾಗಿದ್ದುದನ್ನೇ ಮತ್ತೆ ಸರಿಪಡಿಸಿದರು. ದೊಡ್ಡವ್ವ ಎಂಜಲು ತಟ್ಟೆ ಎತ್ತಿಕೊಂಡು ಹೊರಗೆ ಹೋದರು.

ಸ್ವಲ್ಪ ಹೊತ್ತಾದ ಮೇಲೆ ನಾನೂ ಹೋದೆ. ನಲ್ಲಿಯ ಹತ್ತಿರ ಕೂತಿದ್ದರು. ನನ್ನನ್ನು ನೋಡಲಿಲ್ಲ. ತಟ್ಟೆ ತೊಳೆಯುತ್ತಲೇ ಹೇಳಿದರು.

“ಆವತ್ತು ಅಕಿ ಕಾಲುಂಗ್ರ ತೆಗ್ದಾಕಿ ನಾನೇ. ಅತ್ತು ಅತ್ತು ಮೈಯೆಲ್ಲ ಬಾತಿತ್ತು, ಬೆರಳೂ ಬಾತಿತ್ತು. ಉಂಗ್ರ ಬರವಲ್ದು. ಸೋಪು ಹಚ್ಚಿ ಎಳ್ದೆ. ‘ಒಂದೀಟು ತಡಿ ಅಕ್ಕಾ’ ಅಂದ್ಲು. ಮಂದಿ ಕಾಯ್ತಾ ಇದ್ರು, ಹೊತ್ತಾತು ಅಂತ ನಾನು ತಡೀಲಿಲ್ಲ.”

ತಟ್ಟೆ ಯಾವಾಗಲೋ ಶುಭ್ರವಾಗಿತ್ತು. ಮತ್ತೆ ಬೂದಿ ಹಚ್ಚಿದರು, ಮತ್ತೆ ತೊಳೆದರು. ಪಕ್ಕದಲ್ಲಿ ಕೂತೆ. ನಲ್ಲಿ ನಿಲ್ಲಿಸಿ, ಅವರ ಕೈಯಿಂದ ತಟ್ಟೆ ತೆಗೆದುಕೊಂಡು ಸೆರಗಿನಿಂದ ಒರೆಸಿದೆ. “ಒಳಗೆ ಹೋಗಾಣ ಬರ್ರಿ ದೊಡ್ಡವ್ವ, ಅತ್ತೆ ಕಾಯ್ತಿರ್ತಾರೆ” ಅಂದೆ.