ಸಿಡಿಲಮಲ್ಲನ ತಿಥಿಯೂಟ

ಕೆಂಬಾರೆ, ಮಂಗಳಲೋಕ
ಊರು ಕಟ್ಟಿದ ಇನ್ನೂರ ಹನ್ನೊಂದನೇ ವರ್ಷ
ಆಷಾಢ ಮಾಸ, ಐವತ್ತಮೂರನೇ ತಾರೀಕು

ನಮಗಿಂತ ಬಹಳ ಮುಂಚೆ ಹುಟ್ಟಿದ ಸಿನಿಮಾ ಅಭಿಮಾನಿ ಮಹಾಜನರಿಗೆ ಚಿಕ್ಕನಿಂಗಯ್ಯನ ಶರಣು.

ತಾರೀಕು ನೋಡಿ ಬರೆದವನಿಗೆ ತಲೆ ಸರಿಯಿಲ್ಲ ಅಂದುಕೊಳ್ಳಬೇಡಿ. ಮಂಗಳದಲ್ಲಿ ವರ್ಷ ನಿಮ್ಮದಕ್ಕಿಂತ ಹತ್ತಿರಹತ್ತಿರ ಎರಡರಷ್ಟು ಉದ್ದ, ಹಾಗಾಗಿ ತಿಂಗಳಿಗೆ ಐವತ್ತೈದು ದಿನ. ಹೊಸ ಮದುವೆಯ ಹೆಣ್ಣನ್ನು ಆಷಾಢಕ್ಕೆ ತವರಿಗೆ ಕಳಿಸುವ ಪದ್ಧತಿಯನ್ನು ನಮ್ಮ ಹಿರಿಯರು ಮೊದಲನೇ ವರ್ಷವೇ ಕೈಬಿಟ್ಟರಂತೆ. ಐವತ್ತೈದು ದಿನ ಯಾವ ಗಂಡು ತಾನೆ ತಡೆದಾನು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಬೇಕು. ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ನನ್ನ ಏಳು ಬೇರೆಯವರ ಹದಿನಾಲ್ಕಕ್ಕೆ ಸಮ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಪ್ರತಿ ಕ್ಲಾಸಿನಲ್ಲೂ ಎರಡೆರಡು ವರ್ಷ ಕೂತಿದ್ದಕ್ಕೆ ಹಾಗೆಂದರು ಅಂತ ನನ್ನ ಅಕ್ಕ ಹೇಳುತ್ತಿದ್ದಳು, ಅವಳ ಮಾತನ್ನು ಇಲ್ಲಿ ಲೆಕ್ಕಕ್ಕೆ ತಗೋಬೇಕಾಗಿಲ್ಲ.

ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ ಎಂಬುದು ಕಾನೂನು. ನನ್ನ ವಾರಿಗೆಯವರೆಲ್ಲ ತಂತಮ್ಮ ಮುತ್ತಾತಂದಿರಿಗೆ ಬುದ್ಧಿ ಹೇಳಿ ಬರೆದು ಕಾಗದ ಹಾಳುಮಾಡಿಕೊಂಡರು. ನಾನು ನಿಮಗಾಗಿ ಉಳಿಸಿಟ್ಟಿದ್ದೆ. ನಿಮ್ಮಲ್ಲಿ ಆಕಾಶದ ಸಿನಿಮಾ ಸರಣಿಯೊಂದರ ಹೊಸ ಕಂತು ಬಂದು, ಅಭಿಮಾನಿಗಳು ಎರಡು ಪಾಲಾಗಿ ಕಚ್ಚಾಡುತ್ತಿದ್ದಾರೆಂದು ಹಳೆಯ ಕಡತವೊಂದರಲ್ಲಿ ಓದಿದೆ. ಈ ವಿಷಯದಲ್ಲಿ ನನ್ನಷ್ಟು ತಿಳಿದವರು ಈ ಗ್ರಹದಲ್ಲಿ ಸದ್ಯಕ್ಕೆ ಯಾರೂ ಇಲ್ಲ.

ಕೆಂಬಾರೆ ಮುನ್ನೂರ ನಲವತ್ತು ಜನರ ಊರು. ದೊಡ್ಡ ಕುಳಿಯೊಂದಕ್ಕೆ ಗಾಜಿನ ಮುಚ್ಚಳ ಹಾಕಿದಂತಿದೆ. ಸುತ್ತ ಸುರಂಗಗಳಲ್ಲಿ ರಾಗಿ, ಅವರೆ, ಮೆಣಸಿನಕಾಯಿ. ನಡುವೆ ಒಳಬಯಲು ಎಂಬ ಖಾಲಿ ಜಾಗ, ಮದುವೆಗೂ ಜಗಳಕ್ಕೂ ಸಿನಿಮಾಕ್ಕೂ ಅದೇ. ನಾನು ಗಾಳಿಬಾಗಿಲುಗಳನ್ನು ರಿಪೇರಿ ಮಾಡುವವನು. ಒಳಗಿನ ಗಾಳಿ ಹೊರಗೆ ಸೋರದಂತೆ ಒಂದರ ಹಿಂದೊಂದು ಎರಡು ಬಾಗಿಲು ಕೂರಿಸಿರುತ್ತಾರೆ, ಅದಕ್ಕೆ ಗಾಳಿಬಾಗಿಲು ಅನ್ನುತ್ತೇವೆ. ನಾನು ಒಂದು ದಿನ ಮೈಮರೆತರೆ ಊರು ಇರುವುದಿಲ್ಲ. ಇದು ಜಂಬದ ಮಾತಲ್ಲ, ಇದ್ದದ್ದು ಹೇಳಿದೆ. ಗಾಳಿಯನ್ನು ಉಸಿರುಮನೆಯಲ್ಲಿ ತಯಾರಿಸಿ ತಲೆಗಿಷ್ಟು ಎಂದು ಹಂಚುತ್ತಾರೆ. ಪಾಲು ಇರುವವರ ಹೆಸರೆಲ್ಲ ಉಸಿರುಪಟ್ಟಿಯಲ್ಲಿರುತ್ತದೆ. ಮೊದಮೊದಲ ಕಷ್ಟದ ದಿನಗಳಲ್ಲಿ ಮನೆಯಲ್ಲಿ ಯಾರಾದರೂ ಸತ್ತರೆ ಹೇಳದೆ ಬಚ್ಚಿಟ್ಟು, ಅವರ ಪಾಲಿನ ಗಾಳಿಯನ್ನು ಉಳಿದವರು ಎಳೆಯುತ್ತಿದ್ದರಂತೆ. ಅದಕ್ಕೇ ಹಿರಿಯರು ಒಂದು ಕಟ್ಟು ಮಾಡಿದರು. ಹನ್ನೊಂದನೇ ದಿನ ಊರ ಮುಂದೆ ತಿಥಿ ಮಾಡಬೇಕು, ಎಲ್ಲರೂ ಉಣ್ಣಬೇಕು, ಉಂಡು ಕೈತೊಳೆದ ಮೇಲೆ ಸತ್ತವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ತಿಥಿ ಉಂಡವನು ಆಮೇಲೆ ಸತ್ತವರನ್ನು ಇದ್ದಾರೆ ಅನ್ನುವಂತಿಲ್ಲ. ನಮ್ಮಲ್ಲಿ ಉಣ್ಣುವುದೇ ಸಹಿ.

ಇನ್ನು ಸಿನಿಮಾಕ್ಕೆ ಬರೋಣ. ಆಕಾಶದಲ್ಲೇ ಇರುವವರಿಗೆ ಆಕಾಶದ ಸಿನಿಮಾ ಯಾಕೆ ಎಂದು ನೀವು ಕೇಳಬಹುದು. ನಮ್ಮ ಆಕಾಶ ಬಹಳ ಬೇಜಾರಿನದು. ಹೊರಗೆ ಹೋದರೆ ಕೆಂಪು ಧೂಳು, ಒಳಗೆ ಬಂದರೆ ಆ ಧೂಳಿನ ಕೆಮ್ಮು. 'ಚುಕ್ಕಿ ಹರಿಗೋಲು' ಸರಣಿಯಲ್ಲಿ ಹಾಗಲ್ಲ. ಅದರಲ್ಲಿ ಕಪ್ತಾನ ಸಿಡಿಲಮಲ್ಲ ಹರಿಗೋಲಿನಂಥ ದುಂಡನೆ ಹಡಗಿನಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹುಟ್ಟು ಹಾಕಿಕೊಂಡು ಹೋಗುತ್ತಾನೆ, ಹೆಲ್ಮೆಟ್ ತೆಗೆದು ಮೀಸೆ ತಿರುವುತ್ತಾನೆ. ಹೊರಗೆ ಹೆಲ್ಮೆಟ್ ತೆಗೆದರೆ ಏನಾಗುತ್ತದೆಂದು ನಮ್ಮ ಅಂಗನವಾಡಿ ಮಕ್ಕಳಿಗೂ ಗೊತ್ತು, ಆದರೂ ಈವರೆಗೆ ಒಬ್ಬರೂ ಅದನ್ನು ಪ್ರಶ್ನಿಸಿಲ್ಲ. ಹತ್ತನೇ ಕಂತಿನಲ್ಲಿ ಅವನು ಮುದ್ದೆಯನ್ನು ಎಡಗೈಯಲ್ಲಿ ಮುರಿದನೆಂದು ಮಾತ್ರ ಎಂಟು ದಿನ ಗಲಾಟೆಯಾಗಿತ್ತು. ಸಿಡಿಲಮಲ್ಲ ಸಾಯುವುದೂ ಹೊಸದಲ್ಲ. ಮೂರನೇ ಕಂತಿನಲ್ಲಿ ಸೂರ್ಯನೊಳಕ್ಕೆ ಬಿದ್ದು ನಾಲ್ಕನೆಯದರಲ್ಲಿ ಕೈಮೇಲೆ ಒಂದೇ ಒಂದು ಬೊಬ್ಬೆಯ ಸಮೇತ ಬಂದ. ಏಳರಲ್ಲಿ ಎರಡು ತುಂಡಾದ. ಎಂಟರಲ್ಲಿ ಎರಡು ತುಂಡೂ ಬೇರೆಬೇರೆಯಾಗಿ ಬಂದವು, ಜನಕ್ಕೆ ಎರಡರಷ್ಟು ಸಂತೋಷವಾಯಿತು. ಕೆಂಬಾರೆಯ ಸಿಡಿಲಮಲ್ಲ ಅಭಿಮಾನಿ ಸಂಘಕ್ಕೆ ಮೂರು ಸಲ ಅವಿರೋಧವಾಗಿ ಅಧ್ಯಕ್ಷನಾದವನು ನಾನು. ಎದುರು ನಿಲ್ಲುವವರ ಮನೆಯ ಗಾಳಿಬಾಗಿಲು ಆ ವಾರವೇ ಕೆಡುತ್ತಿತ್ತು ಎಂಬುದು ಕಾಕತಾಳೀಯ.

ಈ ಸರಣಿಯ ಒಂದೊಂದು ಕಂತನ್ನು ಒಂದೊಂದು ಊರಿನವರು ಕಟ್ಟಬೇಕು. ಹದಿನಾಲ್ಕನೇ ಕಂತು ನಮ್ಮ ಊರಿನ ಪಾಲಿಗೆ ಬಂತು. ಕಟ್ಟಿದವಳು ನನ್ನ ಅಕ್ಕನ ಮಗಳು ದೇವೀರಿ. ನಿಮ್ಮ ಲೆಕ್ಕದಲ್ಲಿ ಎರಡು ವರ್ಷದ ಹಿಂದೆ ನನ್ನ ಅಕ್ಕ ಧೂಳಿನ ಕೆಮ್ಮಿನಲ್ಲಿ ಹೋದಳು. ಮಣ್ಣು ಮಾಡಿ ಬಂದ ದಿನ ದೇವೀರಿಯ, ಅದೇ ಲೆಕ್ಕದಲ್ಲಿ ನಾಲ್ಕು ವರ್ಷದ ಮಗಳು, ಅಜ್ಜಿ ಎಷ್ಟನೇ ಕಂತಿನಲ್ಲಿ ವಾಪಸ್ ಬರುತ್ತಾಳೆ ಅಂತ ಕೇಳಿತು. ಕಣ್ಣೀರಿಲ್ಲ ಏನಿಲ್ಲ, ಊಟಕ್ಕೆ ಏನು ಮಾಡಿದ್ದೀಯ ಅಂತ ಕೇಳುವ ಹಾಗೆ. ದೇವೀರಿ ಮರುದಿನದಿಂದ ಕಂತು ಕಟ್ಟಲು ಕೂತಳು. ಅದರಲ್ಲಿ ಸಿಡಿಲಮಲ್ಲನಿಗೆ ಕೆಮ್ಮು ಬರಿಸಿದಳು. ಯುದ್ಧವಿಲ್ಲ, ಸಿಡಿಲಿಲ್ಲ, ಹಡಗಿನ ಒಂದು ಮೂಲೆಯ ಮಂಚದ ಮೇಲೆ ಮೂರು ದಿನ ಕೆಮ್ಮಿ, ನೀರು ಕೇಳಿ, ಕುಡಿಯುವ ಮೊದಲೇ ಸತ್ತ.

ಮೊದಲ ಪ್ರದರ್ಶನದ ದಿನ ನಮ್ಮವರು ಕಟೌಟಿಗೆ ಉಸಿರಭಿಷೇಕ ಮಾಡಿದರು. ನಿಮ್ಮ ಕಾಲದಲ್ಲಿ ಹಾಲು ಎರೆಯುತ್ತಿದ್ದರಂತೆ. ನಮ್ಮಲ್ಲಿ ಪ್ರತಿಯೊಬ್ಬನೂ ತನ್ನ ಪಾಲಿನ ಗಾಳಿಯಲ್ಲಿ ಒಂದು ನಿಮಿಷದಷ್ಟನ್ನು ಕಟೌಟಿನ ಮುಖಕ್ಕೆ ಬಿಡುತ್ತಾನೆ. ಸಿಡಿಲಮಲ್ಲ ಸತ್ತಾಗ ಶಿಳ್ಳೆಯೋ ಶಿಳ್ಳೆ, ಹೇಗೂ ಎದ್ದು ಬರುವವನೇ ಅಲ್ಲವೆ. ಕೊನೆಯಲ್ಲಿ ತೋರಿಸುವ ಹೆಸರುಗಳೆಲ್ಲ ಮುಗಿದ ಮೇಲೆ ಜನ ಬಾಲಂಗೋಚಿಗಾಗಿ ಕಾದು ಕೂತರು. ಸಿನಿಮಾ ಮುಗಿದ ಮೇಲೆ ಮುಂದಿನ ಕಂತಿನ ಆಸೆ ಹುಟ್ಟಿಸಲು ತೋರಿಸುವ ಚೂರಿಗೆ ಬಾಲಂಗೋಚಿ ಅನ್ನುತ್ತೇವೆ. ಒಂದು ಗಂಟೆ ಕೂತರು. ಬರಲಿಲ್ಲ. ಉಸಿರುಮನೆಯಲ್ಲಿ ಕೆಲಸ ಮಾಡುವ ದೊಡ್ಡತಮ್ಮಯ್ಯ ಎದ್ದುನಿಂತ. ಅವನು ನಮ್ಮ ಸಂಘದ ಕಾರ್ಯದರ್ಶಿ, ಆನೆಯಂಥ ಆಳು, ಹೆಲ್ಮೆಟ್ಟಿನ ಮೇಲೆಲ್ಲ ಸಿಡಿಲಮಲ್ಲನ ಮೀಸೆ ಬರೆಸಿಕೊಂಡವನು. "ದೇವೀರವ್ವ, ಬಾಲಂಗೋಚಿ ಎಲ್ಲಿ ಮಡಗಿದ್ದೀಯ, ಹಾಕ್ಬುಡು ತಾಯಿ, ಮನೇಲಿ ಸಾರು ಆರೋಯ್ತದೆ," ಅಂದ. ಇಲ್ಲ ಅಂದಳು. "ಸೂರ್ಯನೊಳಕ್ಕೆ ಬಿದ್ದೋನ್ಗೆ ಕೆಮ್ಮಾ?" ಅಂದ. ಹೌದು ಅಂದಳು. ಆಗ ಎದ್ದ ಗದ್ದಲ ನಲವತ್ತು ದಿನ ತಣ್ಣಗಾಗಲಿಲ್ಲ. ದೇವೀರಿ ರಾಗಿ ಹಿಟ್ಟು ತರಲು ಹೋದರೆ ಸಾಲಿನಲ್ಲಿದ್ದವರೆಲ್ಲ ಬೇಕೆಂದೇ ಕೆಮ್ಮುತ್ತಿದ್ದರು. ಮೊದಲ ಮೂರು ಕಂತಿನ ಮುಂದೆ ಉಳಿದದ್ದೆಲ್ಲ ಕಸ ಎನ್ನುವ ಮುದುಕರು ಮಾತ್ರ, ನಾವು ಆಗಲೇ ಹೇಳಿದ್ದೆವಲ್ಲ ಎಂದು ಖುಷಿಯಾಗಿದ್ದರು.

ಗದ್ದಲಕ್ಕೆ ಯಾರೂ ಸಾಯುವುದಿಲ್ಲ, ಭಯವಿದ್ದದ್ದು ಒಪ್ಪುಪಂಚಾಯ್ತಿಯದು. ಸಿನಿಮಾ ಬಂದ ನಲವತ್ತನೇ ದಿನ ಅಭಿಮಾನಿಗಳು ಒಳಬಯಲಿನಲ್ಲಿ ಸೇರಿ ಕೈ ಎತ್ತುತ್ತಾರೆ. ಬೇಡ ಎಂದವರು ಹೆಚ್ಚಾದರೆ ಕಂತು ವಾಪಸ್ಸು. ಕಟ್ಟಿದವರ ಹೆಸರು ಅಳಿಸಿ ಪಕ್ಕದ ಬಿಳಿಗುಳಿ ಊರಿನವರಿಗೆ ಕೊಡುತ್ತಾರೆ, ಅವರು ಒಂದೇ ದಿನದಲ್ಲಿ ಸಿಡಿಲಮಲ್ಲನನ್ನು ಎಬ್ಬಿಸಿ ಕುಣಿಸುತ್ತಾರೆ. ದೇವೀರಿ ನನ್ನ ಮನೆಗೆ ಬಂದು, "ಮಾವ, ನನ್ನ ಹೆಸರು ಹೋಗ್ಲಿ. ಅವನು ಎದ್ದು ಬಂದರೆ ನಾನು ಆ ಮಗೂಗೆ ಏನಂತ ಹೇಳ್ಲಿ," ಅಂದಳು. ನಾನು ಸಂಘದ ಅಧ್ಯಕ್ಷ, ಧರ್ಮಸಂಕಟ. ಆದರೂ ನನ್ನ ತಲೆ ಇಂಥ ವೇಳೆಯಲ್ಲೇ ಓಡುವುದು.

ಮೂರನೇ ದಿನ ದೊಡ್ಡತಮ್ಮಯ್ಯನ ಮನೆಗೆ ಹೋಗಿ ಮುಖ ಸಪ್ಪೆ ಮಾಡಿಕೊಂಡು ಕೂತೆ. ಬಿಳಿಗುಳಿಯವರು ಸಿಡಿಲಮಲ್ಲನಿಗೆ ತಿಥಿ ಮಾಡುತ್ತಾರಂತೆ, ಐವತ್ತು ಜನ ತಲೆ ಬೋಳಿಸುತ್ತಾರಂತೆ, ನಮ್ಮ ಸಂಘದವರು ಸೂತಕವನ್ನೂ ಹಿಡಿಯದೆ ಬಾಯಿ ಬಡಿದುಕೊಳ್ಳುತ್ತಿದ್ದೇವಲ್ಲ, ನಾಳೆ ಅಭಿಮಾನ ಯಾರದು ದೊಡ್ಡದು ಅನ್ನುತ್ತಾರೆ ಅಂದೆ. ಬಿಳಿಗುಳಿಯವರಿಗೆ ಆ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ. ದೊಡ್ಡತಮ್ಮಯ್ಯ ಮುಂಗೈ ಕಚ್ಚಿಕೊಂಡು, "ಅವ್ರು ಐವತ್ತಾದ್ರೆ ನಾವು ನೂರು ಕಣಣ್ಣ," ಅಂದ. ಹನ್ನೊಂದನೇ ದಿನ ನೂರಾ ಆರು ತಲೆ ನುಣ್ಣಗಾದವು. ಪಟದ ಮುಂದೆ ಎಡೆ ಇಟ್ಟರು: ಮುದ್ದೆ, ಅವರೆಕಾಳಿನ ಸಾರು, ತೊಟ್ಟಿಬಾಡಿನ ಹುರುಕಲು. ಕುರಿಯಿಲ್ಲದೆ ತೊಟ್ಟಿಯಲ್ಲಿ ಬೆಳೆಸುವ ಬಾಡಿಗೆ ತೊಟ್ಟಿಬಾಡು ಅನ್ನುತ್ತೇವೆ, ಕುರಿಯ ಮುಖ ನೋಡದವರಿಗೆ ರುಚಿಯಾಗಿರುತ್ತದೆ. ಊರಿಗೂರೇ ಅತ್ತು, ಉಂಡು, ಇನ್ನೊಂದು ಮುದ್ದೆ ಹಾಕಿಸಿಕೊಂಡಿತು. ನಾನು ಸೊಂಟಕ್ಕೆ ಟವಲು ಕಟ್ಟಿ ಬಡಿಸಿದೆ.

ನಲವತ್ತನೇ ದಿನ ಪಂಚಾಯ್ತಿಯ ಹಿರಿಯಳಾದ ಸಾಕವ್ವ ಕೂತಿದ್ದಳು. ನಮ್ಮ ಲೆಕ್ಕದಲ್ಲಿ ಅವಳಿಗೆ ಐವತ್ತು ವರ್ಷ, ನಿಮ್ಮ ಲೆಕ್ಕದಲ್ಲಿ ತೊಂಬತ್ತನಾಲ್ಕು. ಕೈ ಎತ್ತಿ ಅನ್ನುವ ಮೊದಲೇ ಬೇಡ ಎಂದು ಕೈಗಳು ಎದ್ದಿದ್ದವು. ಸಾಕವ್ವ ಎಲ್ಲರ ತಲೆಗಳನ್ನೂ ಒಂದು ಸುತ್ತು ನೋಡಿ, "ಅಲ್ಲ ಕಣ್ರಪ್ಪ, ತಿಥಿ ಉಂಡ ಕೈಯಲ್ವಾ ಅವು," ಅಂದಳು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಂದೊಂದೇ ಕೈ ಇಳಿಯತೊಡಗಿತು. ದೊಡ್ಡತಮ್ಮಯ್ಯ ತನ್ನ ಬೋಳುತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಉಣ್ಣದವರು ಯಾರಾದರೂ ಇದ್ದರೆ ಅವರ ಮಾತೇ ಕೊನೆಯದು ಎಂದಳು ಸಾಕವ್ವ. ಆಗ ದೊಡ್ಡತಮ್ಮಯ್ಯ ತಲೆಯಿಂದ ಕೈ ತೆಗೆದು, "ನಿಂಗಣ್ಣ ಬಡಿಸ್ತಾನೇ ಇದ್ದ, ಎಲೆ ಮುಂದೆ ಕೂರ್ನೇ ಇಲ್ಲ," ಅಂದ.

ಅದು ನಿಜ. ಯಾಕೆ ಕೂರಲಿಲ್ಲವೆಂದು ಈಗಲೂ ಸರಿಯಾಗಿ ಹೇಳಲಾರೆ. ಅಕ್ಕನ ತಿಥಿಯ ದಿನವೂ ನಾನು ಉಂಡಿರಲಿಲ್ಲ. ಒಂಬತ್ತನೇ ನಂಬರಿನ ಗಾಳಿಬಾಗಿಲು ಸೋರುತ್ತಿದೆ ಅಂತ ಹೇಳಿ, ಎರಡು ಬಾಗಿಲಿನ ನಡುವೆ ಪಾತ್ರೆ ತೊಳೆದಾಗುವವರೆಗೂ ಕೂತಿದ್ದೆ. ಬಾಗಿಲು ಸೋರುತ್ತಿರಲಿಲ್ಲ. ಮೊದಲ ಕಂತುಗಳನ್ನೆಲ್ಲ ನಾನು, ಅವಳು ಒಂದೇ ಚಾಪೆಯ ಮೇಲೆ ಕೂತು ನೋಡಿದ್ದೆವು.

ದೊಡ್ಡತಮ್ಮಯ್ಯ ಹತ್ತಿರ ಬಂದು ಮೆಲ್ಲಗೆ, "ಅಣ್ಣ, ನೀನೂ ಅವನನ್ನ ನಂಬಿದೋನು. ಬೇಡ ಅಂತ ಒಂದು ಮಾತು ಅನ್ನು, ಎದ್ದು ಬತ್ತಾನೆ," ಅಂದ. ಅವನ ಕಣ್ಣಿನಲ್ಲಿ ನೀರಿತ್ತು. ಬೇಡ ಎನ್ನಲು ನನ್ನ ಬಾಯಿ ತೆರೆದಿತ್ತು ಕೂಡ, ಸುಳ್ಳು ಯಾಕೆ ಹೇಳಲಿ. ನಮ್ಮ ಕಟ್ಟಿನಲ್ಲಿ ತಡತುತ್ತು ಎಂದು ಒಂದಿದೆ. ತಿಥಿಗೆ ತಪ್ಪಿಸಿಕೊಂಡವನಿಗೆ ಆಮೇಲಾದರೂ ಊರ ಮುಂದೆ ಬಡಿಸಬಹುದು. ದೇವೀರಿ ಮನೆಗೆ ಹೋಗಿ ತಟ್ಟೆ ತಂದಳು. ಅಷ್ಟು ಹೊತ್ತೂ ಮುನ್ನೂರು ಜನ ಕೂತಲ್ಲೇ ಕೂತಿದ್ದರು, ಯಾರೂ ಕೆಮ್ಮಲಿಲ್ಲ. ತಟ್ಟೆಯಲ್ಲಿ ಎರಡು ಮುದ್ದೆ ಇದ್ದವು. ಎರಡು ಯಾಕೆ ಅಂದೆ.

"ಒಂದು ಅವ್ವಂದು, ಮಾವ," ಅಂದಳು.

ಎರಡನ್ನೂ ಉಂಡೆ. ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಹಾಗಂತ ಹೇಳಿಯೂ ಹೇಳಿದೆ. ಅರ್ಧ ಉಂಡಾಗ ದೇವೀರಿಯ ಮಗಳು ಬಂದು ನನ್ನ ತೊಡೆಯ ಮೇಲೆ ಕೂತು, ಯಾಕೆ ಅಳುತ್ತೀಯ ತಾತ ಎಂದು ಕೇಳಿತು. ನಿಮ್ಮಜ್ಜಿ ಸತ್ತುಹೋದಳು ಅದಕ್ಕೆ ಅಂದೆ. ಮಗು ಸ್ವಲ್ಪ ಹೊತ್ತು ಯೋಚಿಸಿ, ತಾನೂ ಅಳಲು ಶುರುಮಾಡಿತು. ಕಂತು ಹಾಗೇ ಉಳಿಯಿತು.

ಈ ಕಾಗದ ನಿಮ್ಮಲ್ಲಿ ಯಾರ ಕೈಗೆ ಸೇರುತ್ತದೋ ಗೊತ್ತಿಲ್ಲ. ನಿಮ್ಮ ನೆಚ್ಚಿನ ಕಪ್ತಾನ ಸತ್ತರೆ ಕಟ್ಟಿದವರನ್ನು ಬೈಯಿರಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ದೇವೀರಿಗೆ ಈಗಲೂ ವಾರಕ್ಕೆ ಮೂರು ಬೈಗುಳದ ಕಾಗದ ಬರುತ್ತವೆ, ಒಂದೆರಡು ಚೆನ್ನಾಗಿಯೂ ಇರುತ್ತವೆ. ಸತ್ತವನನ್ನು ಎಬ್ಬಿಸಿಕೊಡಿ ಎಂದು ಮಾತ್ರ ಕೇಳಬೇಡಿ. ನಿಮ್ಮ ಕಾಲದ ಕಡತಗಳನ್ನೆಲ್ಲ ನೋಡಿದ್ದೇನೆ, ಕೇಳಿದ್ದನ್ನು ಕೊಟ್ಟುಬಿಡುವ ಜನ ನಿಮ್ಮಲ್ಲಿ ಬಹಳ ಇದ್ದಾರೆ.

ಇತಿ,
ಚಿಕ್ಕನಿಂಗಯ್ಯ
ಗಾಳಿಬಾಗಿಲು ರಿಪೇರಿ, ಮತ್ತು ನಾಲ್ಕನೇ ಸಲವೂ ಅವಿರೋಧ ಅಧ್ಯಕ್ಷ